ಗಡಿಗೆಯಲ್ಲಿ ಕೂತ ಸಿಟ್ಟು

ಮೂರನೇ ಬಟ್ಟಲು ಕೇಳಿದ್ದೇ ಕೇಳಿದ್ದು, ಎವೋದಿಯೊನ ಸಂಸಾರ ಬೀದಿಗೆ ಬಂತು.

ಕೇಳಿದ್ದು ಅವನ ಮನೆಯಲ್ಲಲ್ಲ. ಭಾನುವಾರ ನಿಕನೋರಳ ಮನೆಯಲ್ಲಿ, ಅವಳ ಮೊಮ್ಮಗನ ಜ್ಞಾನಸ್ನಾನದ ಊಟದಲ್ಲಿ. ನಿಕನೋರ ಹೊರಗಿನವಳೇನಲ್ಲ. ಎವೋದಿಯೊನ ಹೆಂಡತಿ ದೊಮಿತಿಲಳ ದೊಡ್ಡ ಮಗಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತವಳು. ಅಂದಿನಿಂದ ಹೆಂಗಸರಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಗಂಡಂದಿರಿಬ್ಬರೂ ಕೊಂಪಾದ್ರೆ. ಒಡಹುಟ್ಟಿದವರೂ ಇಷ್ಟು ಹಚ್ಚಿಕೊಂಡಿರುವುದಿಲ್ಲ. ಆ ಮನೆಯಲ್ಲಿ ಎವೋದಿಯೊ ಒಂದು ಬಟ್ಟಲು ಪೊಸೋಲೆ, ಅಂದರೆ ಜೋಳ ಕೋಳಿ ಹಾಕಿ ಕುದಿಸಿದ ಗಟ್ಟಿ ಸಾರು, ಉಂಡ. ಎರಡನೆಯದನ್ನು ಕೇಳಿ ಹಾಕಿಸಿಕೊಂಡ. ಆಮೇಲೆ ಮೀಸೆ ಒರೆಸಿಕೊಂಡು, ಖಾಲಿ ಬಟ್ಟಲನ್ನು ಮುಂದಕ್ಕೆ ಚಾಚಿ, "ಕೊಮಾದ್ರೆ, ಇನ್ನೊಂದು ಸೌಟು ಇದ್ರೆ ಹಾಕ್ಬಿಡಿ" ಎಂದ. ಪಕ್ಕದಲ್ಲೇ ಕೂತಿದ್ದ ದೊಮಿತಿಲ ಕೈಯಲ್ಲಿದ್ದ ಗರಿ ರೊಟ್ಟಿಯನ್ನು ಮುರಿದು ಪುಡಿ ಮಾಡಿದಳು.

ಮಾಡದೆ ಏನು ಮಾಡುತ್ತಾಳೆ? ಸ್ವಂತ ಮನೆಯಲ್ಲಿ ಈ ಮನುಷ್ಯ ಎರಡನೇ ಬಟ್ಟಲು ಕೇಳಿದ್ದೇ ಅವಳಿಗೆ ನೆನಪಿಲ್ಲ. ಮದುವೆಯಾದಾಗಿನಿಂದ ಪ್ರತಿ ಗುರುವಾರ ಅವಳು ಪೊಸೋಲೆ ಮಾಡುತ್ತಾಳೆ. ಚಿಲಾಪದಲ್ಲಿ ಗುರುವಾರ ಬೇರೇನಾದರೂ ಮಾಡುವವರು ಒಂದೋ ಜ್ವರದಲ್ಲಿರಬೇಕು, ಇಲ್ಲ ಬೇರೆ ಊರಿನವರಿರಬೇಕು. ಸಂಜೆ ಮನೆ ತುಂಬ ಜನ. ಬಂದವರಿಗೆಲ್ಲ ಒಂದೊಂದು ಬಟ್ಟಲು. ಇವನೂ ಒಂದು ಬಟ್ಟಲು ಮುಗಿಸಿ, ಚಮಚ ಬೋರಲು ಹಾಕಿ, "ಸಾಕು, ಹೊಟ್ಟೆ ತುಂಬ್ತು" ಎಂದು ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಾನೆ. ಪಾಪ, ಸಣ್ಣ ಹೊಟ್ಟೆಯ ಗಂಡಸು ಎಂದು ಅವಳು ಇಷ್ಟು ವರ್ಷ ಕನಿಕರಪಟ್ಟಿದ್ದಳು.

ದಾರಿಯಲ್ಲೇ ಶುರುವಾಯಿತು.

"ಹೊಟ್ಟೆ ಸಣ್ಣದು ಅಂತಿದ್ದೆ. ಇವತ್ತೇನು ಹೊಟ್ಟೆಗೆ ಅಂತಸ್ತು ಕಟ್ಟಿಸ್ಕೊಂಡ್ಯಾ?"

"ಅದಲ್ಲ ಮುದುಕೀ, ಹಬ್ಬದ ಊಟ..."

"ಹಬ್ಬಕ್ಕೆ ಹೊಟ್ಟೆ ಹಿಗ್ಗತ್ತಾ? ನನ್ನ ಕೈರುಚಿ ಸೇರಲ್ಲ ಅಂತ ನೆಟ್ಟಗೆ ಹೇಳೋಕೆ ಬಾಯಿರ್ಲಿಲ್ವಾ ನಿಂಗೆ? ಏನು ಕಮ್ಮಿ ಆಗಿದೆ ಹೇಳು. ಖಾರವಾ? ಹುಳಿಯಾ? ಕೋಳಿ ಬೆಂದಿರಲ್ವಾ?"

ಎವೋದಿಯೊ ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಬಾಯಿ ಮಾತ್ರ ಬಿಡಲಿಲ್ಲ. ಚಪ್ಪಲಿ ಹೊಲಿಯುವ ಆಸಾಮಿ; ಹಲ್ಲಿನ ನಡುವೆ ಮೊಳೆ ಕಚ್ಚಿಕೊಂಡು ಕೂತು ಕೂತು ಮಾತೇ ಮರೆತುಹೋಗಿದೆ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ದೊಮಿತಿಲಳಿಗೆ ಅವತ್ತು ತಮಾಷೆ ಬೇಕಿರಲಿಲ್ಲ. ಮನೆಗೆ ಬಂದವಳೇ ಶಾಲು ಹೊದ್ದು, "ನನ್ನ ಪೊಸೋಲೆಗೆ ಏನು ಕೇಡು ಬಂದಿದೆ ಅಂತ ಹೇಳೋವರೆಗೂ ಈ ಹೊಸ್ತಿಲು ತುಳಿಯಲ್ಲ" ಎಂದು ಅಕ್ಕನ ಮನೆಗೆ ಹೊರಟೇಬಿಟ್ಟಳು.

ಅಕ್ಕ ಒಬ್ದುಲಿಯಳ ಮನೆ ಏನು ದೂರವೇ? ಹಿತ್ತಿಲಿಗೆ ಹಿತ್ತಿಲು ತಾಗಿಕೊಂಡೇ ಇದೆ, ನಡುವೆ ಎದೆಮಟ್ಟದ ಒಂದು ಗೋಡೆ. ಆದರೆ ಮುನಿಸಿಕೊಂಡು ಹೋಗುವವರು ಗೋಡೆ ಹತ್ತಿಳಿದು ಹೋಗಲಾಗುತ್ತದೆಯೇ? ದೊಮಿತಿಲ ಮುಂಬಾಗಿಲಿನಿಂದ ಹೊರಟು, ಬೀದಿ ಸುತ್ತಿ, ನಾಲ್ಕು ಜನ ನೋಡುವ ಹಾಗೆ ಹೋದಳು.

ಗುರುವಾರದ ಹೊತ್ತಿಗೆ ಒಬ್ದುಲಿಯಳಿಗೆ ತಂಗಿ ಸಾಕುಸಾಕಾಗಿದ್ದಳು. ಒಂಟಿ ಹೆಂಗಸು, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ತನ್ನ ಪಾಡಿಗೆ ತಾನು ತಾಳೆಗರಿಯ ಜಡೆ ಹೆಣೆದುಕೊಂಡು ಟೋಪಿ ಮಾಡುವವರಿಗೆ ಮಾರಿಕೊಂಡು ನೆಮ್ಮದಿಯಾಗಿದ್ದವಳು. ಈಗ ನೋಡಿದರೆ ಬೆಳಗಾದರೆ ಅದೇ ಪುರಾಣ.

"ಒಂದು ಮಾತು ಹೇಳಲಾ? ಗಂಡ ಇನ್ನೊಬ್ಬಳ ಹಿಂದೆ ಹೋದ ಅಂತ ಅತ್ತರೆ ನಂಗೆ ಅರ್ಥ ಆಗತ್ತೆ. ಇನ್ನೊಬ್ಬಳ ಸೌಟಿನ ಹಿಂದೆ ಹೋದ ಅಂತ ಅಳೋಳನ್ನ ನಾನು ನೋಡಿರೋದು ನೀನೊಬ್ಬಳನ್ನೇ."

"ನಿಂಗೆ ಗೊತ್ತಾಗಲ್ಲ ಬಿಡಕ್ಕ. ಅಷ್ಟು ವರ್ಷ ನನ್ನ ಎದುರಿಗೆ ಕೂತು, ನನ್ನ ಮುಖ ನೋಡ್ಕೊಂಡು, ಸೇರದೇ ಇರೋದನ್ನ ಔಷಧಿ ಥರ ನುಂಗ್ತಿದ್ದ ಅಂದ್ರೆ... ಆ ಗುರುವಾರಗಳೆಲ್ಲ ಏನಾದ್ವು?"

ಒಬ್ದುಲಿಯ ಮೂಗರಳಿಸಿ ಗಾಳಿ ಮೂಸುತ್ತಿದ್ದಳು. "ದೊಮಿ, ನಿಮ್ಮ ಹಿತ್ತಿಲಿಂದ ಹೊಗೆ ಬರ್ತಿದೆ" ಎಂದಳು.

ಇಬ್ಬರೂ ಗೋಡೆಯ ಹತ್ತಿರ ಓಡಿದರು. ಓಡಿದ್ದು ಒಬ್ದುಲಿಯ, ದೊಮಿತಿಲ ಬಟ್ಟೆ ಒಣಹಾಕುವ ನೆಪ ಮಾಡಿಕೊಂಡು ಹಿಂದೆಯೇ ಬಂದಳು. ಆಚೆ ಹಿತ್ತಿಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಅದರ ಮೇಲೆ ದೊಮಿತಿಲಳ ದೊಡ್ಡ ಮಣ್ಣಿನ ಗಡಿಗೆ ಏರಿಸಿತ್ತು. ಅದರ ಮುಂದೆ ದೊಮಿತಿಲಳದೇ ಹೂವಿನ ಏಪ್ರನ್ ಕಟ್ಟಿಕೊಂಡು ಎವೋದಿಯೊ ನಿಂತಿದ್ದ. ಪಕ್ಕದಲ್ಲಿ ಕೊಂಪಾದ್ರೆ ಫೋರ್ತಿನೊ, ಅಂದರೆ ನಿಕನೋರಳ ಗಂಡ, ಕೈಕಟ್ಟಿಕೊಂಡು ಬೆಂಕಿಗೆ ಬುದ್ಧಿ ಹೇಳುತ್ತಿದ್ದ.

"ಮರಿಯಮ್ಮ ತಾಯಿ! ನಿನ್ನ ಗಂಡ ಪೊಸೋಲೆ ಮಾಡ್ತಿದಾನೆ ಕಣೇ" ಎಂದಳು ಒಬ್ದುಲಿಯ.

"ಮಾಡ್ಲಿ ಬಿಡು. ನೀರು ಕಾಯಿಸೋಕೆ ಹೇಳಿದ್ರೆ ನೀರನ್ನೇ ಸೀಯಿಸೋ ಜಾತಿ."

ಹಾಗೆಂದಳೇ ಹೊರತು ಕಿವಿಯೆಲ್ಲ ಗೋಡೆಯಾಚೆಗೇ ಇತ್ತು. ಸುದ್ದಿ ಬರುತ್ತಲೂ ಇತ್ತು; ಆ ಬೀದಿಯಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಅಗಲ ಕಾಳಿನ ಬಿಳಿ ಮುಸುಕಿನ ಜೋಳವನ್ನು ಎವೋದಿಯೊ ಸಂತೆಯಲ್ಲಿ ಒಂದೊಂದೇ ಕಾಳು ಬೆಳಕಿಗೆ ಹಿಡಿದು ಆರಿಸಿದನಂತೆ. ಹಿಂದಿನ ದಿನ ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ಉಜ್ಜಿ, ತೊಳೆದು, ಕೊಂಪಾದ್ರೆಗಳಿಬ್ಬರೂ ಕಟ್ಟೆಯ ಮೇಲೆ ಕೂತು ಕಾಳಿನ ತಲೆ ಕಿತ್ತರಂತೆ. ಕಾಳಿನ ಬುಡದಲ್ಲಿ ಗಟ್ಟಿಯಾಗಿ ಚೂಪಾಗಿ ಇರುತ್ತದಲ್ಲ, ಅದೇ ತಲೆ. ಅದನ್ನು ಉಗುರಿನಲ್ಲಿ ಚಿವುಟಿ ತೆಗೆಯದಿದ್ದರೆ ಕಾಳು ಹೂವಿನಂತೆ ಅರಳುವುದಿಲ್ಲ. ಅದು ಹೆಂಗಸರು ಹರಟೆ ಹೊಡೆಯುತ್ತಾ ಮಾಡುವ ಕೆಲಸ. ಇಬ್ಬರು ಮೀಸೆಯ ಗಂಡಸರು ಮಾತಿಲ್ಲದೆ ಕೂತು ತಲೆ ಕೀಳುವುದನ್ನು ನೋಡಲು ಬೀದಿಯೇ ನೆರೆದಿತ್ತಂತೆ. ಇಷ್ಟೆಲ್ಲ ಕೇಳಿಸಿಕೊಂಡು ದೊಮಿತಿಲ "ಹೂಂ" ಎಂದಳು, ಅಷ್ಟೇ.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಫೋರ್ತಿನೊ ಟೋಪಿ ಕೈಯಲ್ಲಿ ಹಿಡಿದು ಸಾವಿನ ಮನೆಗೆ ಬಂದವನ ಹಾಗೆ ನಿಂತಿದ್ದ.

"ಕೊಮಾದ್ರೆ, ತಪ್ಪು ತಿಳ್ಕೋಬಾರದು. ಬೆಳಗಿನ ಜಾವದಿಂದ ಕುದೀತಾನೇ ಇದೆ. ಒಂದು ಕಾಳೂ ಅರಳಿಲ್ಲ. ಬಾಯಿಗೆ ಹಾಕ್ಕೊಂಡ್ರೆ ಹಲ್ಲೇ ಅಲ್ಲಾಡತ್ತೆ."

"ಅದಕ್ಕೆ ನಾನೇನು ಮಾಡ್ಲಿ?"

"ಅದೇ... ನೀವು ಸ್ವಲ್ಪ ಬಂದು... ನಿಮ್ಮ ಸಿಟ್ಟನ್ನ ಗಡಿಗೆಯಿಂದ ತೆಗೆದುಕೊಟ್ರೆ..."

ಇದನ್ನು ಚಿಲಾಪದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಯಾರದಾದರೂ ಹೊಟ್ಟೆಯಲ್ಲಿ ಸಿಟ್ಟು ಕುದಿಯುತ್ತಿದ್ದರೆ ಗಡಿಗೆಯಲ್ಲಿ ಜೋಳ ಬಾಯಿ ಬಿಡುವುದಿಲ್ಲ. ಸಿಟ್ಟಾದವರೇ ಬಂದು ಗಡಿಗೆಯ ಮುಂದೆ ಒಂದು ಸುತ್ತು ಕುಣಿಯಬೇಕು. ಆಗ ಗಡಿಗೆಗೆ ಸಮಾಧಾನವಾಗುತ್ತದೆ, ಕಾಳು ಅರಳುತ್ತದೆ.

"ಎಲ್ಲರನ್ನೂ ವಿಚಾರಿಸಿದ್ವಿ," ಫೋರ್ತಿನೊ ವಿವರಿಸಿದ. "ಎವೋದಿಯೊಗೆ ಯಾರ ಮೇಲೂ ಸಿಟ್ಟಿಲ್ಲ. ನನ್ನ ಹೆಂಡ್ತಿ ಶಿಲುಬೆ ಮುಟ್ಟಿ ಆಣೆ ಇಟ್ಳು. ನಂಗೆ ಅಳಿಯನ ಮೇಲೆ ಒಂಚೂರು ಇತ್ತು. ಯಾಕೆ ಬೇಕು ಅಂತ ಒಂದು ಸುತ್ತು ಕುಣಿದೆ. ಏನೂ ಆಗ್ಲಿಲ್ಲ. ಇನ್ನು ಉಳಿದಿರೋದು ಅಂದ್ರೆ..."

"ಅಂದ್ರೆ ನನ್ನ ಸಿಟ್ಟು ಗೋಡೆ ಹಾರಿ ಬಂದು ಅಲ್ಲಿ ಕೂತಿದೆ ಅಂತೀರಾ?"

"ಹಾರತ್ತೆ ಕಣೇ," ಒಳಗಿನಿಂದ ಒಬ್ದುಲಿಯ ಕೂಗಿದಳು. "ನೀನು ಬಂದಾಗಿನಿಂದ ನನ್ನ ಮನೇಲಿ ಹಾಲು ಒಡೀತಿದೆ."

ದೊಮಿತಿಲಳಿಗೆ ಎಲ್ಲಿತ್ತೋ ಕೋಪ! ಒಂದು ಕಡೆ ಗಂಡ ಕೈರುಚಿಗೆ ಮಸಿ ಬಳಿದ. ಈಗ ಊರೇ ಸೇರಿಕೊಂಡು ಬೇಯದ ಜೋಳಕ್ಕೆ ಅವಳನ್ನು ಹೊಣೆ ಮಾಡುತ್ತಿದೆ. "ನಡೀರಿ" ಎಂದಳು. "ನನ್ನ ಸಿಟ್ಟು ಅಷ್ಟು ಅಗ್ಗದ್ದಲ್ಲ, ಕಂಡಕಂಡ ಗಡಿಗೇಲಿ ಹೋಗಿ ಕೂರೋಕೆ. ತೋರಿಸ್ತೀನಿ." ಮತ್ತೆ ಶಾಲು, ಮತ್ತೆ ಬೀದಿ ಸುತ್ತು. ಒಬ್ದುಲಿಯ ಮಾತ್ರ ಲಂಗ ಎತ್ತಿಕಟ್ಟಿ ಗೋಡೆ ಹಾರಿ ಎಲ್ಲರಿಗಿಂತ ಮುಂಚೆ ಬಂದು ಜಾಗ ಹಿಡಿದಳು.

ಹಿತ್ತಿಲಿನಲ್ಲಿ ಆಗಲೇ ಗುರುವಾರದ ನೆಂಟರು ಅರ್ಧ ಬಂದಾಗಿತ್ತು. ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದಳಲ್ಲ, ಮಾತು ಮಾತೇ. ದೊಮಿತಿಲ ಮನೆಯೊಳಗೆ ಕಾಲಿಡದೆ ಪಕ್ಕದ ಓಣಿಯಿಂದಲೇ ಬಂದಳು. ನಿಕನೋರ ದೂರದಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಾನು ಸೌಟು ಮುಟ್ಟಿಲ್ಲ ಎಂದು ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದಳು. ಎವೋದಿಯೊನ ಬೇಳೆ ಬೇಯಲಿಲ್ಲ ಎನ್ನೋಣವೆಂದರೆ ಇದು ಬೇಳೆಯೂ ಅಲ್ಲ. ಹೊಗೆಗೆ ಅವನ ಕಣ್ಣು ಕೆಂಪಾಗಿತ್ತು. ಹೆಂಡತಿಯನ್ನು ಕಂಡು ಏಪ್ರನ್ ಬಿಚ್ಚಲು ಹೋಗಿ, ಗಂಟು ಸಿಕ್ಕಾಗಿ, ಸುಮ್ಮನಾದ.

"ಕೊಂಪಾದ್ರೆ ಫೋರ್ತಿನೊ, ಅವರನ್ನ ಪಕ್ಕಕ್ಕೆ ಸರೀಲಿಕ್ಕೆ ಹೇಳಿ" ಎಂದಳು ದೊಮಿತಿಲ.

"ಎವೋದಿಯೊ, ಪಕ್ಕಕ್ಕೆ ಸರೀಬೇಕಂತೆ" ಎಂದ ಫೋರ್ತಿನೊ, ಒಂದು ಮೊಳ ದೂರದಲ್ಲಿದ್ದವನಿಗೆ.

ಅವಳು ಸೌಟು ಆಡಿಸಿ ಕಾಳು ಎತ್ತಿ ಅಂಗೈಯಲ್ಲಿ ಹಾಕಿಕೊಂಡಳು. ಒಂದೊಂದನ್ನೇ ತಿರುಗಿಸಿ ನೋಡಿದಳು. ತಪ್ಪು ಹುಡುಕಲೆಂದೇ ನೋಡಿದ್ದು, ಸಿಗಲಿಲ್ಲ. ಒಂದು ಕಾಳಿಗೂ ತಲೆ ಉಳಿದಿರಲಿಲ್ಲ. ಅವಳೇ ಆತುರದಲ್ಲಿ ನಾಲ್ಕಾರು ಬಿಟ್ಟುಬಿಡುತ್ತಿದ್ದಳು. ಓರೆಗಣ್ಣಿನಲ್ಲಿ ಅವನ ಕೈ ನೋಡಿದಳು. ಸುಣ್ಣಕ್ಕೆ ಬೆರಳ ತುದಿಗಳು ಬಿರಿದು, ಹೆಬ್ಬೆರಳಿನ ಉಗುರು ಸೀಳಿತ್ತು. ಮನಸ್ಸು ಒಂದು ಗಳಿಗೆ ಮೆತ್ತಗಾಯಿತು. ಅದನ್ನು ಗದರಿಸಿ ಕೂರಿಸಿ, ಸೌಟಿನ ತುದಿಯಿಂದ ಒಂದು ಗುಟುಕು ನೀರು ನಾಲಿಗೆಗೆ ಹಾಕಿಕೊಂಡಳು. ಅಲ್ಲೇ ಉಗಿದಳು.

"ಉಪ್ಪು ಯಾವಾಗ ಹಾಕಿದ್ದು ಅಂತ ಕೇಳಿ."

"ಉಪ್ಪು ಯಾವಾಗ ಹಾಕಿದ್ಯೋ?"

"ಮೊದಲೇ. ಜೋಳದ ಜೊತೆ. ಮರೆತುಬಿಟ್ರೆ ಅಂತ" ಎಂದ ಎವೋದಿಯೊ.

ಹೆಂಗಸರೆಲ್ಲ ಒಟ್ಟಿಗೆ ತಲೆಯ ಮೇಲೆ ಕೈ ಇಟ್ಟುಕೊಂಡರು. ಕಾಳು ಅರಳುವ ಮುಂಚೆ ಉಪ್ಪು! ಉಪ್ಪು ಬಿದ್ದ ಜೋಳ ಕಲ್ಲಿನ ಹಾಗೆ ಬಿಗಿದುಕೊಳ್ಳುತ್ತದೆ ಎಂದು ಅಲ್ಲಿಯ ಹೆಣ್ಣುಮಕ್ಕಳಿಗೆ ನಡೆಯಲು ಬರುವ ಮುಂಚೆ ಗೊತ್ತಿರುತ್ತದೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದಕ್ಕೇ ನಾನು ಕುಣಿದ್ರೂ ಆಗ್ಲಿಲ್ಲ" ಎಂದು ಫೋರ್ತಿನೊ ಸಮಾಧಾನಪಟ್ಟುಕೊಂಡ.

"ಕೇಳಿಸ್ಕೊಂಡ್ರಾ ಎಲ್ಲಾರೂ?" ದೊಮಿತಿಲ ಸೊಂಟದ ಮೇಲೆ ಕೈಯಿಟ್ಟು ಹಿತ್ತಿಲಿಡೀ ಕಣ್ಣಾಡಿಸಿದಳು. "ನನ್ನ ಸಿಟ್ಟಲ್ಲ. ಉಪ್ಪು!"

ಗೆದ್ದಿದ್ದಳು. ಶಾಲು ಸರಿಮಾಡಿಕೊಂಡು ಬಂದ ದಾರಿಯಲ್ಲೇ ಹೋಗಬಹುದಿತ್ತು. ಆದರೆ ಗಡಿಗೆಯಲ್ಲಿ ಅಷ್ಟು ಚೆಂದದ ಜೋಳ ಹಾಗೇ ಕೂತಿದೆ. ಅದನ್ನು ಬಿಟ್ಟು ಹೋಗಲು ಕಾಲು ಬರಬೇಕಲ್ಲ! "ಆ ನೀರು ಬಸಿದು ಪಕ್ಕಕ್ಕಿಡಿ, ಚೆಲ್ಲಬೇಡಿ" ಎಂದಳು. "ಕಾಳು ತೊಳೀರಿ. ಬೇರೆ ನೀರು ಕಾಯಿಸಿ ಹಾಕಿ, ತಣ್ಣೀರು ಹಾಕಿದ್ರೆ ನಾನು ಸುಮ್ನಿರಲ್ಲ. ಕೋಳಿ ಎಲ್ಲಿ?" ಕೋಳಿ ಚೆನ್ನಾಗಿತ್ತು, ಮೊಟ್ಟೆಯಿಟ್ಟು ಮುಗಿಸಿದ ದಪ್ಪ ಹೇಂಟೆ. ಅದಕ್ಕೂ ಅವಳಿಗೆ ತಪ್ಪು ಹುಡುಕಲಾಗಲಿಲ್ಲ.

"ಆದ್ರೂ ಕೊಮಾದ್ರೆ," ಫೋರ್ತಿನೊ ರಾಗ ಎಳೆದ, "ಗಡಿಗೆ ಬೆಳಗಿನಿಂದ ಬೇಜಾರು ಮಾಡ್ಕೊಂಡಿದೆ. ಯಾರಾದ್ರೂ ಒಂದು ಸುತ್ತು ಕುಣಿದ್ರೆ ಒಳ್ಳೇದಲ್ವಾ?"

"ಉಪ್ಪು ಹಾಕಿದೋರು ಕುಣೀಲಿ" ಎಂದಳು ದೊಮಿತಿಲ.

ಎವೋದಿಯೊ ಕುಣಿದ. ಮದುವೆಯಲ್ಲೂ ಕುಣಿಯದ ಪ್ರಾಣಿ, ಹೂವಿನ ಏಪ್ರನ್ ಎರಡೂ ಕಡೆ ಹಿಡಿದುಕೊಂಡು, ಟೈರಿನ ಅಟ್ಟೆಯ ಚಪ್ಪಲಿ ಪಟಪಟ ಬಡಿಯುತ್ತಾ, ಮುಖ ಮಾತ್ರ ಪೂಜೆಯಲ್ಲಿ ನಿಂತವನ ಹಾಗೆ ಗಂಭೀರವಾಗಿ ಇಟ್ಟುಕೊಂಡು ಗಡಿಗೆಯನ್ನು ಒಂದು ಸುತ್ತು ಹಾಕಿದ. ಒಬ್ದುಲಿಯ ನಗುತ್ತಾ ನೆಲದ ಮೇಲೆ ಕೂತೇಬಿಟ್ಟಳು. ದೊಮಿತಿಲ ತುಟಿ ಕಚ್ಚಿಕೊಂಡು ಬೆನ್ನು ತಿರುಗಿಸಿ, ಕುಂಬಳಬೀಜ ಹುರಿಯಲು ಹೆಂಚಿನ ಮುಂದೆ ಕೂತಳು. ಬೆನ್ನು ಅಲುಗುತ್ತಿದ್ದುದು ಎಲ್ಲರಿಗೂ ಕಂಡಿತು.

ಆಮೇಲೆ ಕೆಲಸ ತಾನಾಗಿ ಸಾಗಿತು. ಬೀಜ ಚಟಪಟ ಎಂದು ಉಬ್ಬಿತು, ನಿಕನೋರ ಸಿಪ್ಪೆ ಬಿಡಿಸಿದ ಹಸಿರು ಹುಳಿ ಟೊಮೇಟೊ ಬೇಯಿಸಿ ತಂದಳು, ಹಸಿಮೆಣಸು, ಬೆಳ್ಳುಳ್ಳಿ, ಘಮಘಮಿಸುವ ಎಪಸೋತೆ ಸೊಪ್ಪು ಎಲ್ಲ ಸೇರಿ ಕಲ್ಲಿನ ಮೇಲೆ ನುಣ್ಣಗಾಯಿತು. ದೊಮಿತಿಲ, ನಿಕನೋರ ಇಬ್ಬರೂ ಅರೆಯುತ್ತಾ ಮಾತಾಡಲಿಲ್ಲ. ಆದರೆ ಒಬ್ಬಳು ನೂಕಿದರೆ ಇನ್ನೊಬ್ಬಳು ಸರಿಸಿಕೊಡುತ್ತಿದ್ದಳು. ಕೈಗಳಿಗೆ ಜಗಳದ ವಿಷಯ ಯಾರೂ ಹೇಳಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಗಡಿಗೆಯ ಬಳಿ ನಿಂತಿದ್ದ ಫೋರ್ತಿನೊ ಕಿರುಚಿದ, "ಅರಳ್ತು! ಅರಳ್ತು!" ಎಲ್ಲರೂ ಬಗ್ಗಿ ನೋಡಿದರು. ಕಾಳುಗಳು ಮಲ್ಲಿಗೆಯ ಹಾಗೆ ಬಾಯಿಬಿಟ್ಟು ಒಂದರ ಮೇಲೊಂದು ಉರುಳುತ್ತಿದ್ದವು. ಕೋಳಿ ಬಿತ್ತು, ಬೆಂದಿತು, ಹಸಿರು ಮಸಾಲೆ ಬಿತ್ತು. ಬಸಿದಿಟ್ಟ ಉಪ್ಪುನೀರನ್ನು ನಾಲಿಗೆಗೆ ತಕ್ಕಷ್ಟು ಕೊನೆಗೆ ಸೇರಿಸಿದ್ದಾಯಿತು.

ಮೊದಲ ಬಟ್ಟಲು ತುಂಬಿಸಿ, ಈರುಳ್ಳಿ, ಬೆಣ್ಣೆಹಣ್ಣು, ಹುರಿದ ಹಂದಿಚರ್ಮದ ಚೂರು ಉದುರಿಸಿ, ಎವೋದಿಯೊ ಅದನ್ನು ಎರಡೂ ಕೈಯಲ್ಲಿ ಹಿಡಿದು ದೊಮಿತಿಲಳ ಮುಂದೆ ಇಟ್ಟ. ಅವಳು ತಬ್ಬಿಬ್ಬಾದಳು. ಗುರುವಾರ ಎಲ್ಲರಿಗಿಂತ ಮೊದಲು ಕೂತು ಉಂಡಿದ್ದು ಅವಳಿಗೆ ಗೊತ್ತೇ ಇಲ್ಲ. ಅಡುಗೆ ಮಾಡಿದವಳು ಕೊನೆಗೆ, ನಿಂತುಕೊಂಡು, ಉಳಿದದ್ದನ್ನು ಉಣ್ಣುವುದು. ಅವಳಮ್ಮನೂ ಹಾಗೇ ಉಂಡಿದ್ದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ನಿಂಬೆ ಹಿಂಡಿ ಒಂದು ಚಮಚ ಬಾಯಿಗಿಟ್ಟಳು. ಕಾಳು ಮೆತ್ತಗೆ ಸಿಡಿಯಿತು.

"ಪರವಾಗಿಲ್ಲ ಅಂತ ಹೇಳಿ" ಎಂದಳು ಫೋರ್ತಿನೊನಿಗೆ.

ಎಲ್ಲರೂ ಕೂತರು. ಮೆಸ್ಕಾಲ್ ಹೆಂಡದ ಬಾಟಲಿ ಹೊರಗೆ ಬಂತು, ಗರಿ ರೊಟ್ಟಿ ಮುರಿಯುವ ಸದ್ದು, ಮೂಲಂಗಿ ಕಡಿಯುವ ಸದ್ದು. ಎವೋದಿಯೊ ತನ್ನ ಬಟ್ಟಲು ಬರಿದು ಮಾಡಿದ. ಕತ್ತು ಚಾಚಿ ಗಡಿಗೆಯೊಳಗೆ ಇಣುಕಿದ. ಆಮೇಲೆ ಚಮಚ ಬೋರಲು ಹಾಕಿ, "ಸಾಕು, ಹೊಟ್ಟೆ ತುಂಬ್ತು" ಎಂದು ಎದ್ದ.

ಇಲ್ಲಿ ದೊಮಿತಿಲಳಿಗೆ ತಡೆಯಲಾಗಲಿಲ್ಲ. ಮಧ್ಯಸ್ಥಗಾರನನ್ನೂ ಮರೆತಳು.

"ಕೂತ್ಕೋ! ಇದು ನೀನೇ ಮಾಡಿದ್ದಲ್ವೇನೋ? ಇದೂ ಸೇರಲ್ವಾ? ಅವಳ ಮನೇಲಿ ಮೂರು ಬಟ್ಟಲು, ನನ್ನ ಹಿತ್ತಿಲಲ್ಲಿ ಒಂದೇ. ನನ್ನ ಗಡಿಗೆ ಕಂಡ್ರೇ ಆಗಲ್ವಾ ನಿಂಗೆ? ಇವತ್ತು ಹೇಳ್ಬೇಕು. ಇವರೆಲ್ಲರ ಮುಂದೆ ಹೇಳು, ಪರವಾಗಿಲ್ಲ, ನಂಗೆ ನಾಚಿಕೆ ಇಲ್ಲ."

ಎವೋದಿಯೊ ಟೋಪಿಗೆ ಕೈ ಹಾಕಿದ. ಟೋಪಿ ತಲೆಯ ಮೇಲಿರಲಿಲ್ಲ. ಕೈಗೆ ಬೇರೆ ಕೆಲಸವಿಲ್ಲದೆ ಬಾಯಿ ಬಿಡಲೇಬೇಕಾಯಿತು.

"ಅಲ್ಲಿ ಕೊಮಾದ್ರೆ ಮೊದ್ಲೇ ಉಂಡಿದ್ರು. ನಾನು ನೋಡಿದ್ದೆ."

"ಅದಕ್ಕೂ ಇದಕ್ಕೂ ಏನು?"

"ಇಲ್ಲಿ ಗುರುವಾರ ನೀನು ಇನ್ನೂ ಉಂಡಿರಲ್ಲ. ಇವತ್ತೂ ಅದೇ ಅಭ್ಯಾಸ." ಅವನು ನೆಲ ನೋಡುತ್ತಿದ್ದ. "ಚಿಕ್ಕ ಮಗಳು ತೊಟ್ಟಿಲಲ್ಲಿದ್ದಾಗ ಒಂದು ಗುರುವಾರ ಎರಡನೇ ಬಟ್ಟಲು ಹಾಕಿಸ್ಕೊಂಡಿದ್ದೆ. ಆಮೇಲೆ ನೀರು ಕುಡಿಯೋಕೆ ಒಳಗೆ ಬಂದೆ. ನೀನು ಬಾಗಿಲಿಗೆ ಬೆನ್ನು ಹಾಕ್ಕೊಂಡು ನಿಂತಿದ್ದೆ. ರೊಟ್ಟಿ ಚೂರಲ್ಲಿ ಗಡಿಗೆ ತಳ ಒರೆಸಿ ತಿಂತಿದ್ದೆ. ಅಷ್ಟೇ ನಿನ್ನ ಊಟ. ನಾನು ನೀರು ಕುಡೀದೇ ವಾಪಸ್ ಹೋದೆ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ನಂಗೆ ಇನ್ನೂ ಜಾಸ್ತಿ ಹಾಕಿ, ನೀನು ಇನ್ನೂ ಕಮ್ಮಿ ತಿಂತಿದ್ದೆ."

ದೊಮಿತಿಲಳ ಮುಖ ಕೆಂಪಾಯಿತು, ಬಿಳುಪಾಯಿತು, ಮತ್ತೆ ಕೆಂಪಾಯಿತು.

"ಕತ್ತೆ!" ಎಂದಳು. "ದೊಡ್ಡ ಕತ್ತೆ! ಅದು ಕೈಯಲ್ಲಿ ಕಾಸಿಲ್ಲದ ಕಾಲ. ಆಮೇಲೆ ನಾನು ಪ್ರತಿ ವಾರ ನಿಂಗೋಸ್ಕರ ಅಂತಲೇ ಒಂದಳತೆ ಜೋಳ ಹೆಚ್ಚಿಗೆ ಹಾಕ್ತಿದ್ದೆ. ಈ ವಾರ ಕೇಳ್ತಾನೆ, ಈ ವಾರ ಕೇಳ್ತಾನೆ ಅಂತ ಸೌಟು ಕೈಯಲ್ಲಿ ಹಿಡ್ಕೊಂಡು ನಿಂತಿರ್ತಿದ್ದೆ."

"ಹೆಚ್ಚಿಗೆ ಹಾಕ್ತಿದ್ಯಾ?" ಎವೋದಿಯೊ ತಲೆ ಎತ್ತಿದ. "ಮತ್ತೆ ಅದೆಲ್ಲ ಎಲ್ಲಿ ಹೋಯ್ತು?"

ದೊಮಿತಿಲ ಅಕ್ಕನ ಕಡೆ ತಿರುಗಿದಳು. ಹಿತ್ತಿಲೇ ಒಬ್ದುಲಿಯಳ ಕಡೆ ತಿರುಗಿತು. ಅವಳು ಬಾಯಿತುಂಬ ಇದ್ದುದನ್ನು ನಿಧಾನವಾಗಿ ನುಂಗಿದಳು.

"ನನ್ನನ್ನೇನು ನೋಡ್ತೀರಿ? ಶುಕ್ರವಾರ ಬೆಳಿಗ್ಗೆ ಗೋಡೆ ಮೇಲಿಂದ ಬರ್ತಿತ್ತು. ಕೊಟ್ಟಿದ್ದು ತಿಂದೆ. ಮಾರನೇ ದಿನಕ್ಕೆ ಇನ್ನೂ ರುಚಿ ಕಣಪ್ಪ, ನಿಂಗೆ ಗೊತ್ತಿಲ್ಲ ಅಷ್ಟೇ."

ಫೋರ್ತಿನೊನ ನಗು ಮೊದಲು ಸಿಡಿಯಿತು, ಹಿಂದೆಯೇ ಎಲ್ಲರದೂ. ದೊಮಿತಿಲಳೂ ನಕ್ಕಳು. ನಗುನಗುತ್ತಲೇ ಕಣ್ಣಲ್ಲಿ ದಳದಳ ನೀರು ಬಂತು. ಅಷ್ಟು ವರ್ಷದ ಗುರುವಾರಗಳು ಎಲ್ಲಿಗೂ ಹೋಗಿರಲಿಲ್ಲ. ಇವನು ಹಸಿದುಕೊಂಡೇ ಎದ್ದುಹೋಗುತ್ತಿದ್ದ, ಅದೂ ಅವಳಿಗಾಗಿ. ಅವಳಿಗೆ ಹೊಟ್ಟೆಯೊಳಗೆಲ್ಲ ಬೆಚ್ಚಗಾಯಿತು, ಜೊತೆಗೆ ಅವನ ತಲೆಗೆ ಸೌಟಿನಿಂದ ಒಂದು ಕೊಡಬೇಕು ಎಂದೂ ಅನ್ನಿಸಿತು. ಶಾಲಿನ ತುದಿಯಿಂದ ಮುಖ ಒರೆಸಿಕೊಂಡು, ಅವನ ಬೋರಲು ಚಮಚವನ್ನು ಎತ್ತಿ ಪಕ್ಕಕ್ಕಿಟ್ಟು, ಬಟ್ಟಲು ತುಂಬ ಹಾಕಿದಳು. ಅವನು ಉಂಡ. ಅವಳು ಎದುರಿಗೇ ಕೂತು, ಪ್ರತಿ ಚಮಚವನ್ನೂ ನೋಡಿದಳು.

ಬಟ್ಟಲು ಬರಿದಾಯಿತು. ಅವಳು ಸೌಟು ಕೈಗೆತ್ತಿಕೊಂಡಳು.

"ಇನ್ನೊಂದು?"

ಎವೋದಿಯೊ ಅಭ್ಯಾಸಬಲದಿಂದ ಗಡಿಗೆಯ ಕಡೆ ಕತ್ತು ಚಾಚಿದ. ದೊಮಿತಿಲ ಸೌಟಿನ ಹಿಡಿಯಿಂದ ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು.

"ಗಡಿಗೆ ನೋಡ್ಬೇಡ ಮುದುಕಾ. ನನ್ನ ನೋಡ್ಕೊಂಡು ಹೇಳು. ಬೇಕಾ, ಬೇಡ್ವಾ?"

"ಬೇಕು" ಎಂದ ಎವೋದಿಯೊ.